ಗುಂಡ್ಲುಪೇಟೆಯಲ್ಲಿ ಕುಡಿದ ಎರಡು ಲೋಟ ಹೊಗೆ

ಮೈಸೂರಿನಿಂದ ಗುಂಡ್ಲುಪೇಟೆಗೆ ಬೇಕಾದಷ್ಟು ನೇರ ಬಸ್ಸುಗಳಿವೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಆದರೂ ನಾನು ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಚಾಮರಾಜನಗರದ ಕಡೆಯಿಂದ ಸುತ್ತಿಕೊಂಡು ಹೋದೆ. ಮಂಡಿನೋವಿಗೆ ರೈಲೇ ಮೇಲು ಎಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣ, ಕಿಟಕಿ ಪಕ್ಕ ಕೂತು ಯಾರ ಕಾಟವೂ ಇಲ್ಲದೆ ಎರಡು ಗಂಟೆ ಸುಮ್ಮನಿರುವ ಆಸೆ. ನಂಜನಗೂಡು ದಾಟುವವರೆಗೆ ಮೋಡ ಕವಿದಿತ್ತು, ಆಮೇಲೆ ಬಿಸಿಲು ಬಂತು.

ನಮ್ಮದು ಮೈಸೂರಿನಲ್ಲಿ ಕಾಫಿಪುಡಿ, ಟೀಪುಡಿ ಮಾರುವ ಹಳೆಯ ಅಂಗಡಿ. ಯಜಮಾನರು ಗಲ್ಲಾ ನೋಡಿಕೊಳ್ಳುತ್ತಾರೆ, ನಾನು ರುಚಿ ನೋಡುತ್ತೇನೆ. ಯಾವ ಪುಡಿ ಅಂಗಡಿಯೊಳಗೆ ಬರಬೇಕು, ಯಾವುದು ಬಾಗಿಲಲ್ಲೇ ವಾಪಸ್ಸು ಹೋಗಬೇಕು ಎನ್ನುವುದು ನನ್ನ ನಾಲಗೆಯ ಮೇಲೆ ನಿಂತಿದೆ. ಅದರ ಜಂಬವೂ ನನಗಿದೆ, ಮುಚ್ಚಿಡುವುದೇಕೆ. ಈ ಸಲದ ಪ್ರಯಾಣವೂ ಒಂದು ಟೀ ರುಚಿ ನೋಡುವುದಕ್ಕೇ ಇತ್ತು.

ಆ ಟೀ ಮಾಡಿದವಳು ಮಂಗಳಾ. ಓದುವಾಗ ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ, ಈಗ ಗುಂಡ್ಲುಪೇಟೆಯ ಸೊಸೆ. ಅವಳ ಗಂಡ ತರಕಾರಿ ತುಂಬಿದ ಪಿಕಪ್ ಗಾಡಿಯನ್ನು ಗೂಡಲೂರಿನ ಕಡೆಗೆ ಹೊಡೆಯುತ್ತಾನೆ. ಬರುವಾಗ ಗಾಡಿ ಖಾಲಿ, ಆದ್ದರಿಂದ ಅಲ್ಲಿಂದ ಎರಡು ಚೀಲ ಟೀ ಸೊಪ್ಪು ಹಾಕಿಕೊಂಡು ರಾತ್ರಿ ಬಂಡೀಪುರದ ಕಾಡುದಾರಿಯ ಗೇಟು ಮುಚ್ಚುವುದರೊಳಗೆ ಈಚೆಗೆ ಬರುತ್ತಾನೆ. ಹೊರದೇಶದಲ್ಲಿ ಎಲೆ ಉದುರುವ ಕಾಲಕ್ಕೆ ಸಿಹಿತಿಂಡಿಯ ರುಚಿ ಬರುವ ಟೀ ಮಾಡುತ್ತಾರೆ, ಕೆಲವಕ್ಕೆ ಹೊಗೆಯನ್ನೂ ಹಿಡಿಸುತ್ತಾರೆ ಎನ್ನುವುದನ್ನು ಮಂಗಳಾ ಫೋನಿನಲ್ಲಿ ನೋಡಿದ್ದಳು. ನಮ್ಮಲ್ಲೂ ಶರದೃತು ಇದೆಯಲ್ಲ, ಪಂಚಾಂಗದಲ್ಲಾದರೂ. ನಾವೇಕೆ ಒಬ್ಬಟ್ಟಿನ ಟೀ ಮಾಡಬಾರದು ಎಂದು ಅವಳಿಗೆ ಹೊಳೆದಿದೆ. ಹಿತ್ತಲಿನಲ್ಲಿ ಒಂದು ತಗಡಿನ ಡ್ರಮ್ಮು ಇಟ್ಟು, ತೆಂಗಿನ ಕರಟ ಸುಟ್ಟು, ಅದರ ಹೊಗೆಯಲ್ಲಿ ಸೊಪ್ಪನ್ನು ಹದ ಮಾಡಿ, ಬೆಲ್ಲದ ಪುಡಿ, ಏಲಕ್ಕಿ, ಒಣಶುಂಠಿ, ಹುರಿದ ಕೊಬ್ಬರಿ ಬೆರೆಸಿದ್ದಳು. ನಾನು ಒಪ್ಪಿದರೆ ದೀಪಾವಳಿಗೆ ನಮ್ಮ ಅಂಗಡಿಯಲ್ಲಿ ಅದನ್ನು ಇಡುವುದು ಎಂದು ಮಾತಾಗಿತ್ತು.

ಇದರಲ್ಲಿ ಅವಳ ಅತ್ತೆಯ ಷರತ್ತೂ ಒಂದಿತ್ತು. ಮೈಸೂರಿನ ಅಕ್ಕ ಬಂದು ಕುಡಿದು ಚೆನ್ನಾಗಿದೆ ಎಂದರೆ ಡ್ರಮ್ಮು ಹಿತ್ತಲಿನಲ್ಲಿ ಇರಲಿ, ಇಲ್ಲದಿದ್ದರೆ ತೊಳೆದು ನೀರು ತುಂಬಿಸುವುದು. ಮದುವೆಯಾದ ಮೇಲೆ ತನ್ನದು ಅಂತ ಮಾಡಿದ ಮೊದಲ ಕೆಲಸ ಇದು ಎಂದು ಮಂಗಳಾ ಫೋನಿನಲ್ಲಿ ಹೇಳಿದ್ದಳು. ಇಷ್ಟೆಲ್ಲ ಗೊತ್ತಿದ್ದೇ ನಾನು ಹೊರಟಿದ್ದು.

ಚಾಮರಾಜನಗರದಲ್ಲಿ ಇಳಿದು ಸ್ಟೇಷನ್ ರಸ್ತೆಯ ಹೋಟೆಲೊಂದರಲ್ಲಿ ಇಡ್ಲಿ ತಿಂದೆ. ಚಟ್ನಿ ಚೆನ್ನಾಗಿತ್ತು, ಟೀ ಕುಡಿಯಲಿಲ್ಲ. ನಾಲಗೆಯನ್ನು ಚೊಕ್ಕವಾಗಿಟ್ಟುಕೊಳ್ಳಬೇಕಿತ್ತು ನೋಡಿ. ಪರಿಚಯದ ಅರಿಸಿನದ ಮಂಡಿಗೆ ಹೋಗಿ ಮನೆ ಖರ್ಚಿಗೆ ಸ್ವಲ್ಪ ಅರಿಸಿನ ಕಟ್ಟಿಸಿಕೊಂಡೆ. ಎಲ್ಲಿಗೆ ಸವಾರಿ ಎಂದು ಮಂಡಿಯವರು ಕೇಳಿದರು. ಗುಂಡ್ಲುಪೇಟೆಯಲ್ಲಿ ಹೊಗೆ ಹಾಕಿದ ಟೀ ಕುಡಿಯುವುದಕ್ಕೆ ಎಂದೆ. "ಹೊಗೆ ಹಾಕುಸ್ಕಳಕ್ಕೆ ಅಲ್ಲಿಗಂಟ ಯಾಕ್ ಓಯ್ತೀರಕ್ಕಾ?" ಎಂದು ಅವರು ನಕ್ಕರು. ನಮ್ಮ ಕಡೆ ಹೊಗೆ ಹಾಕಿಸಿಕೊಳ್ಳುವುದು ಎಂದರೆ ಕಥೆ ಮುಗಿಯುವುದು ಅಂತ ಅರ್ಥ. ನಾನೂ ನಕ್ಕು ಬಸ್ಸು ಹತ್ತಿದೆ.

ತೆರಕಣಾಂಬಿಯ ಮೇಲೆ ಹೋಗುವ ಆ ದಾರಿ ಒಂದು ಗಂಟೆಯದು. ಎರಡೂ ಕಡೆ ಅರಿಸಿನದ ಹೊಲಗಳು ಎದೆಯೆತ್ತರ ಬೆಳೆದಿದ್ದವು, ಮಧ್ಯೆ ಮಧ್ಯೆ ಚೆಂಡುಹೂವು, ಸಣ್ಣ ಈರುಳ್ಳಿ. ಹಿಂದಿನ ದಿನ ಮಳೆಯಾಗಿ ಗುಂಡಿಗಳಲ್ಲಿ ಕೆಂಪು ನೀರು ನಿಂತಿತ್ತು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಮಲೆಯಾಳದ ಬೋರ್ಡುಗಳು, ಕೇರಳದ ನಂಬರಿನ ಲಾರಿಗಳು. ಅಲ್ಲಿಂದ ಆಟೋ ಮಾಡಿಕೊಂಡು ಮಂಗಳಾಳ ಮನೆ ತಲುಪುವಾಗ ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು.

ಬಾಗಿಲಿಗೆ ಬಂದವರು ಅತ್ತೆ ಪುಟ್ಟಮ್ಮಣ್ಣಿ. ಹಣೆಯ ತುಂಬ ವಿಭೂತಿ, ಸೆರಗು ಹೊದ್ದ ನೇರ ಬೆನ್ನಿನ ಹೆಂಗಸು. ತವರು ಉಮ್ಮತ್ತೂರು ಎಂದು ಹೇಳಿಕೊಂಡರು. ಮಂಗಳಾ ಹಿತ್ತಲಿನಲ್ಲಿ ಡ್ರಮ್ಮಿನಿಂದ ಹೊಸ ಸೊಪ್ಪು ತೆಗೆಯುತ್ತಿದ್ದಾಳೆ, ಕೂತಿರಿ ಎಂದರು. ಮೈಸೂರಿನಿಂದ ಯಾರೋ ಟೀ ಕುಡಿಯುವುದಕ್ಕೇ ಬರುತ್ತಾರಂತೆ ಎಂಬ ಸುದ್ದಿ ಕೇಳಿ ಪಕ್ಕದ ಮನೆಯ ಇಬ್ಬರು ಹೆಂಗಸರೂ ಜಗಲಿಯ ಮೇಲೆ ಬಂದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಪುಟ್ಟಮ್ಮಣ್ಣಿ ಒಳಗಿನಿಂದ ಸ್ಟೀಲ್ ಲೋಟ ತಂದು ನನ್ನ ಕೈಗೆ ಕೊಟ್ಟರು. ಹಾಲು ಹಾಕಿದ ಟೀ. ಮೂಗಿನ ಹತ್ತಿರ ಬಂದ ಕೂಡಲೇ ಹೊಗೆ ಗಮ್ಮೆಂದಿತು.

ಇದೇ ಆ ಟೀ ಎಂದುಕೊಂಡುಬಿಟ್ಟೆ. ನೋಡುವವರು ಬೇರೆ ಇದ್ದರಲ್ಲ, ನನ್ನ ವಿದ್ಯೆಯನ್ನೆಲ್ಲ ತೋರಿಸಿದೆ. ಕಣ್ಣು ಮುಚ್ಚಿ ಮೂಸಿದೆ. ರುಚಿ ನೋಡುವವರು ಹೀರುವಂತೆ ಸೊರ್ರೆಂದು ಸದ್ದು ಮಾಡಿ ಹೀರಿದೆ. ಬಾಯಲ್ಲಿ ಆಡಿಸಿ ನುಂಗಿ, "ಹೊಗೆ ಎಷ್ಟು ಚೆನ್ನಾಗಿ ಹಿಡಿದಿದೆ, ಹಾಲು ಹಾಕಿದರೂ ಅಡಗಿಲ್ಲ. ಕುಡಿದ ಮೇಲೂ ಬಾಯಲ್ಲಿ ನಿಲ್ಲುತ್ತೆ" ಎಂದೆ. ಒಳ್ಳೆಯ ಮಾತು ಆಡಿದೆನೆಂಬ ಸಂತೋಷದಲ್ಲಿ ಕಣ್ಣು ತೆರೆದರೆ, ಪಕ್ಕದ ಮನೆಯವರಿಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಪುಟ್ಟಮ್ಮಣ್ಣಿಯ ಮುಖ ಬಿಗಿದುಕೊಂಡಿತ್ತು.

"ಗ್ಯಾಸ್ ಮುಗ್ದೋಗಿತ್ತು ಕಣವ್ವ. ಸೌದೆ ಒಲೇಲಿ ಕಾಯಿಸ್ದೆ. ಕುಡೀಬ್ಯಾಡಿ, ಚೆಲ್ಬುಡ್ತೀನಿ" ಎಂದು ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡು ಅಂಗಳದ ದಾಸವಾಳದ ಬುಡಕ್ಕೆ ಸುರಿದರು.

ನಮ್ಮ ಸೀಮೆಯವರಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಹಾಲು ಹೊಗೆ ಹಿಡಿದಿದೆ ಎನ್ನುವುದು ರುಚಿಯ ಮಾತಲ್ಲ, ಮನೆ ಹೆಂಗಸಿನ ಮೇಲಿನ ಮಾತು. ಒಲೆ ನೋಡಿಕೊಳ್ಳಲು ಬಾರದವಳು ಎಂದು ಅರ್ಥ. ಅಂಥ ಹಾಲನ್ನು ದೇವರಿಗೂ ಇಡುವುದಿಲ್ಲ. ನನ್ನ ತಾಯಿಯ ಊರಿನಲ್ಲಂತೂ ಹೆಣ್ಣು ನೋಡಲು ಬಂದವರಿಗೆ ಹುಡುಗಿ ಹಿಡಿಸದಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲೋಟದಲ್ಲಿ ಅರ್ಧ ಉಳಿಸಿ, ಹಾಲು ಯಾಕೋ ಹೊಗೆ ಹಿಡಿದಿತ್ತು ಎಂದು ಎದ್ದು ಹೋಗುತ್ತಿದ್ದರು. ಇದನ್ನೆಲ್ಲ ಕೇಳಿಕೊಂಡೇ ಬೆಳೆದವಳು ನಾನು. ಹಾಗಿದ್ದೂ ವಯಸ್ಸಾದ ಹೆಂಗಸಿನ ಮನೆಯಲ್ಲಿ ಕೂತು, ಅವರ ನೆರೆಯವರ ಮುಂದೆ, ಕಣ್ಣು ಮುಚ್ಚಿಕೊಂಡು ಸೊರ್ರೆಂದು ಹೀರಿ ಆ ಮಾತು ಆಡಿದ್ದೆ. ಅಣಕಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಯಾರಿಗೂ ಹೊಳೆಯಲಾರದು. ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸರಿ ಮಾಡಲು ಹೋಗಿ ಇನ್ನೂ ಕೆಡಿಸಿದೆ. ಇಲ್ಲಮ್ಮಾ, ಇದು ಮಂಗಳಾಳ ಟೀ ಅಂದುಕೊಂಡೆ, ಅದಕ್ಕೆ ಹೊಗೆ ಇರಲೇಬೇಕಲ್ಲ, ಅದಕ್ಕೇ ಹೊಗಳಿದೆ ಎಂದೆ. ಪುಟ್ಟಮ್ಮಣ್ಣಿ ಪಕ್ಕದ ಮನೆಯವರ ಕಡೆ ನೋಡಿಯೇ ಉತ್ತರ ಕೊಟ್ಟರು. "ಈ ಹೊಗೆ ಸವಾಸ ಸಾಕು ಅಂತ ಒಲೆ ಬುಟ್ಟು ಗ್ಯಾಸ್ ಇಟ್ಕೊಂಡೊ. ಇವ್ಳು ನೋಡುದ್ರೆ ಹೊಗೇನೆ ಪೊಟ್ಣ ಕಟ್ಟಿ ಮಾರ್ತಳಂತೆ." ಆ ಇಬ್ಬರೂ ಮನೆಯಲ್ಲಿ ಕೆಲಸ ನೆನಪಾಗಿ ಎದ್ದು ಹೋದರು. ಊರಿಗೆಲ್ಲ ಹೇಳುವುದಕ್ಕೆ ಅವರಿಗೆ ಅಷ್ಟು ಸಾಕಾಗಿತ್ತು.

ಆಗ ಮಂಗಳಾ ಬಂದಳು. ಕೈಯೆಲ್ಲ ಮಸಿ, ಮುಖದಲ್ಲಿ ನಗು. ಏನಾಗಿದೆಯೆಂದು ಅವಳಿಗೆ ತಿಳಿಯದು. ಅಷ್ಟರಲ್ಲಿ ಸಿಲಿಂಡರೂ ಬಂದಿತ್ತು. ಅವಳು ಕೈ ತೊಳೆದು ಬಂದು ಚೊಕ್ಕವಾಗಿ ನೀರು ಕಾಯಿಸಿ, ಹಾಲು ಹಾಕದೆ, ಗಾಜಿನ ಲೋಟದಲ್ಲಿ ತನ್ನ ಟೀ ತಂದಿಟ್ಟಳು. ಪುಟ್ಟಮ್ಮಣ್ಣಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು.

ಈ ಸಲ ಸದ್ದು ಮಾಡದೆ ಕುಡಿದೆ. ಮೊದಲು ಬಂದದ್ದು ಬೆಲ್ಲ ಮತ್ತು ಏಲಕ್ಕಿ, ಹಿಂದೆಯೇ ಶುಂಠಿಯ ಸಣ್ಣ ಖಾರ. ನುಂಗುವ ಹೊತ್ತಿಗೆ ಕರಟದ ಹೊಗೆ ಮೆಲ್ಲಗೆ ಎದ್ದಿತು. ಒಬ್ಬಟ್ಟು ಬೇಯಿಸುವಾಗ ಅಂಚು ಒಡೆದು ಹೂರಣ ಕಾವಲಿಯ ಮೇಲೆ ಸೋರಿ, ಅಷ್ಟು ಜಾಗ ಮಾತ್ರ ಕಪ್ಪಗಾಗುತ್ತದಲ್ಲ, ಆ ತುಂಡಿನ ರುಚಿ. ಹೊಗೆ ಇಲ್ಲದಿದ್ದರೆ ಅದು ಬರೀ ಬೆಲ್ಲದ ನೀರು. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನಾನು ಕುಡಿದ ಟೀಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ.

"ಹೊಗೆ ಎಂಗದೆ ಅಕ್ಕ?" ಎಂದಳು ಮಂಗಳಾ.

ತಲೆಯೆತ್ತಿದರೆ ಕಂಡದ್ದು ಪುಟ್ಟಮ್ಮಣ್ಣಿಯ ಮುಖ. ಈಗ ಹೊಗೆ ಚೆನ್ನಾಗಿದೆ ಎಂದರೆ ಅವರನ್ನು ಎರಡನೆಯ ಸಲ ಚುಚ್ಚಿದಂತೆ. ತನ್ನ ಕೈಯಲ್ಲಿ ಅವಮಾನವಾದದ್ದು ಸೊಸೆಯ ಕೈಯಲ್ಲಿ ಹೆಚ್ಚುಗಾರಿಕೆಯಾಯಿತೆಂದು ಅವರಿಗೆ ಅನ್ನಿಸುತ್ತದೆ ಎಂದು ಹೆದರಿದೆ. ಹಾಗೆ ಹೆದರಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳುವುದಾದರೆ ಅವರು ನನ್ನನ್ನು ಕ್ಷಮಿಸಬೇಕು, ಅದೂ ಆಗಲೇ ಆಗಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಸಿಹಿ ಚೆನ್ನಾಗಿದೆ ಮಂಗಳಾ. ಹೊಗೆ ಬೇಡ ಅನ್ಸುತ್ತೆ. ಮೈಸೂರಲ್ಲಿ ಯಾರೂ ಇಷ್ಟಪಡಲ್ಲ" ಎಂದೆ.

ಅವಳು ವಾದ ಮಾಡಲಿಲ್ಲ. ಸರಿ ಅಕ್ಕ ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಪುಟ್ಟಮ್ಮಣ್ಣಿ ಗೆದ್ದ ಸಂತೋಷದಲ್ಲಿ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನೊಮ್ಮೆ ನೋಡಿ ಎಲೆ ಹಾಕಲು ಹೋದರು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅನ್ನ, ಗಟ್ಟಿ ಮಜ್ಜಿಗೆ. ಎರಡೆರಡು ಸಲ ಕೇಳಿ ಬಡಿಸಿದರು. ಬಸ್ಸಾರಿನ ರುಚಿ ಹೇಗಿತ್ತೆಂದು ಬರೆಯಬೇಕು, ಪ್ರಯಾಣದ ಬರಹವೆಂದ ಮೇಲೆ ಅದು ಇರಬೇಕು. ಆದರೆ ನನಗೆ ಗೊತ್ತಿಲ್ಲ. ಮೂವರೂ ಮಳೆಯ ವಿಷಯ, ಬೀನ್ಸಿನ ರೇಟಿನ ವಿಷಯ ಮಾತಾಡಿದೆವು. ಹೊರಡುವಾಗ ಮಂಗಳಾ ಅರಿಸಿನ ಕುಂಕುಮ ಕೊಟ್ಟು, ಮಾಡಿದ್ದು ಹೇಗೂ ಇದೆಯಲ್ಲ ಎಂದು ಒಂದು ಪೊಟ್ಟಣ ಟೀಯನ್ನೂ ಕೈಗಿಟ್ಟಳು.

ಚಾಮರಾಜನಗರಕ್ಕೆ ಹಿಂತಿರುಗುವ ಬಸ್ಸು ಭರ್ತಿಯಾಗಿತ್ತು. ತೆರಕಣಾಂಬಿಯಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಚೀಲದ ಕಡೆ ಮೂಗರಳಿಸಿ ನೋಡಿ, ಯಾರ ಮನೆಯ ಒಬ್ಬಟ್ಟು, ಹಬ್ಬಕ್ಕೆ ಮುಂಚೆಯೇ ಮಾಡಿಬಿಟ್ಟರಾ ಎಂದು ಕೇಳಿದರು. ಪೊಟ್ಟಣ ಬಿಚ್ಚಿಯೂ ಇರಲಿಲ್ಲ. ಹೌದು, ಪರಿಚಯದವರ ಮನೆಯದು ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದೆ.

ಸಂಜೆಯ ರೈಲು ಪ್ಲಾಟ್‌ಫಾರಮ್ಮಿಗೆ ಬಂದು ನಿಂತಿತ್ತು, ಹೊರಡಲು ಸಮಯವಿತ್ತು. ಬೆಂಚಿನ ಮೇಲೆ ಕೂತು ಮಂಗಳಾಳಿಗೆ ಫೋನ್ ಮಾಡಿದೆ. ಎತ್ತಿದವರು ಪುಟ್ಟಮ್ಮಣ್ಣಿ. ಹಿಂದಿನಿಂದ ತಗಡನ್ನು ಕರಕರ ಉಜ್ಜುವ ಸದ್ದು ಬರುತ್ತಿತ್ತು. ಸೊಸೆ ಡ್ರಮ್ಮು ತೊಳೆಯುತ್ತಿದ್ದಾಳೆ, ನೀವು ಹೋದಾಗಿನಿಂದ ಅದೇ ಕೆಲಸ ಎಂದರು. ಸೊಸೆಗೆ ಕೊಡಿ ಎನ್ನಬಹುದಿತ್ತು. ಆದರೆ ನಾನು ಇಬ್ಬರಿಗೂ ತಪ್ಪು ಮಾಡಿದ್ದೆ. ಅಮ್ಮಾ, ಬೆಳಿಗ್ಗೆ ನಾನು ನಿಮ್ಮನ್ನು ಅಣಕಿಸಲಿಲ್ಲ, ಗೊತ್ತಾಗದೆ ಆಡಿದೆ. ಆಮೇಲೆ ಮಂಗಳಾಳ ಟೀ ಬಗ್ಗೆ ಹೇಳಿದ್ದು ಸುಳ್ಳು, ನಿಮಗೆ ಬೇಜಾರಾಗಬಾರದು ಅಂತ ಹಾಗಂದೆ. ಆ ಹೊಗೆಯೇ ಅದರ ಜೀವ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.



"ನಂಗೆ ಬೇಜಾರಾಗ್ನಿಲ್ಲ ಅಂತ ಏಳಕಿಲ್ಲ ಕಣವ್ವ, ಆಯ್ತು" ಎಂದರು ಪುಟ್ಟಮ್ಮಣ್ಣಿ. "ಆದ್ರೆ ನನ್ ಹಾಲು ಹೊಗೆ ಹಿಡ್ದಿದ್ದು ನಿಜ. ನಂಗೆ ನಿಜಾನೇ ಏಳುದ್ರಿ. ಅವ್ಳಿಗ್ ಯಾಕ್ ಸುಳ್ಳೇಳುದ್ರಿ?"

ಅವರು ಸೊಸೆಯನ್ನು ಕೂಗಿ, ಉಜ್ಜಿದ್ದು ಸಾಕು ಬಾ ಎಂದರು. ಸದ್ದು ನಿಂತಿತು. ಮಂಗಳಾ ಫೋನು ತೆಗೆದುಕೊಂಡಳು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅಂಗಡಿಗೆ ಬೇಕೇ ಬೇಕು ಎಂದೆ. ಅವಳು ತಡೆಯದೆ ಪೂರ್ತಿ ಕೇಳಿಸಿಕೊಂಡಳು.

"ಯಾವುದನ್ನ ನಂಬಲಿ ಅಕ್ಕ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಗ ಅತ್ತೆಗೆ ಬೇಜಾರಾಯ್ತದೆ ಅಂತ ಏಳುದ್ರಿ. ಈಗ ನಂಗೆ ಬೇಜಾರಾಯ್ತು ಅಂತ ಏಳ್ತಿದೀರಾ? ಬುಡಿ, ಬೇರೆ ಯಾರ್ಗಾದ್ರೂ ಕುಡ್ಸಿ ಕೇಳ್ತೀನಿ."

ರೈಲು ಕೂಗಿತು. ಫೋನು ಕಿವಿಯಲ್ಲೇ ಇಟ್ಟುಕೊಂಡು ಚೀಲ ಎತ್ತಿ ಬೋಗಿಯ ಮೆಟ್ಟಿಲು ಹತ್ತಿದೆ. ಅವಳು ಕಟ್ ಮಾಡಲು ಮರೆತಿದ್ದಳು. ದೂರದಲ್ಲಿ ಪುಟ್ಟಮ್ಮಣ್ಣಿಯ ದನಿ ಕೇಳಿಸಿತು.

"ಬ್ಯಾರೆಯವ್ರು ಯಾಕಮ್ಮಿ? ಒಂದ್ ಲೋಟ ಇಲ್ಲಿ ಕೊಡು. ನಾ ಕುಡ್ದು ಏಳ್ತೀನಿ."