ಆ ಮರಿಯ ತಾಯಿ ಯಾವುದು?

ಸ್ನೇಹಿತರೇ, ಇವತ್ತು ಸಂಜೆ ಸೋದರಮಾವನ ಊರು ಸಾಯಗಾಂವದಲ್ಲಿ ನನ್ನ ಒಂದು ಚಿತ್ರ ಫೇಲಾಯಿತು. ಬೀದರದಲ್ಲಿ ಕೂತು ಎಐನಿಂದ ಚಿತ್ರ ಮಾಡಿಸಿ, ಫೋಟೋ ಮಾರುವ ವೆಬ್‌ಸೈಟಿಗೆ ಹಾಕುವುದು ನನ್ನ ಕೆಲಸ. ನಿನ್ನೆ ಹಾಕಿದ್ದು ಒಬ್ಬ ಮುದುಕ ಕುರಿಗಾಹಿಯ ಚಿತ್ರ: ಹೆಗಲ ಮೇಲೆ ಕಂಬಳಿ, ಎದೆಗವಚಿಕೊಂಡ ಮರಿ, ಹಿಂದೆ ಕುರಿಹಿಂಡು. ವೆಬ್‌ಸೈಟಿನವರು ಒಂದೇ ಸಲಕ್ಕೆ ಒಪ್ಪಿದ್ದರು.

ಅದನ್ನೇ ಮಾವನಿಗೆ ತೋರಿಸಿದೆ. ಅವನು ಬುದ್ಧಿ ಬಂದಾಗಿನಿಂದ ಕುರಿ ಕಾಯ್ದವನು. ದಿನಾ ಸಂಜೆ ಒಂದೊಂದೇ ಮರಿಯನ್ನು ಅದರ ತಾಯಿಯ ಹತ್ತಿರ ಬಿಟ್ಟ ಮೇಲೆಯೇ ಅವನ ಊಟ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಈ ಮರಿ ತಾಯಿ ಯಾವುದೋ?"

"ಹಿಂದ ಅಷ್ಟು ಕುರಿ ಅವಲ್ರಿ ಮಾಮಾ, ಅದರಾಗ ಯಾವುದರೆ ಇರಬೇಕು."

"ಯಾವುದರೆ ಅಂದ್ರ ಹ್ಯಾಂಗ? ಬ್ಯಾರೆ ಕುರಿ ಒದಿತದ, ಹಾಲು ಕುಡಿಸಂಗಿಲ್ಲ." ಮತ್ತೆ ಹುಡುಕಿದ. "ಎಲ್ಲಾ ಕುರಿದೂ ಒಂದ ಮಾರಿ ಅದ, ಅದೇ ಕಣ್ಣು, ಅದೇ ಮೂಗು."

"ಕಂಪ್ಯೂಟರ್ ಮಾಡಿದ್ದರಿ ಮಾಮಾ. ಆ ಮರಿನೂ ಇಲ್ಲ, ಆ ಮುದುಕನೂ ಇಲ್ಲ."

ಮಾವ ನಗಲಿಲ್ಲ. ಮೊಬೈಲು ನನ್ನ ಕೈಗಿಟ್ಟು, "ಮತ್ತ ಮಂದಿಗಿ ಏನಂತ ಹೇಳಿ ಮಾರ್ತಿ?" ಎಂದು ಕೇಳಿ, ಹಸಿದು ಒದರುತ್ತಿದ್ದ ತನ್ನ ಮರಿಗಳ ಕಡೆ ಹೋದ.

ಉತ್ತರ ಚಿತ್ರದ ಕೆಳಗೇ ಇತ್ತು, ನಿನ್ನೆ ನಾನೇ ಇಂಗ್ಲಿಷಿನಲ್ಲಿ ಬರೆದಿದ್ದೆ: 'ಕುರಿಗಾಹಿಯ ನಿಜವಾದ ಬದುಕು.'