ಮೂಡಲಿಗೆ ಮುಖ ಮಾಡಿದ ಒಲೆ

ಒದ್ದೆ ಬಟ್ಟೆಯಲ್ಲಿ ಒರೆಸಿದಾಗಲೆಲ್ಲ ನನ್ನ ಅಡಿಗೆಮನೆಯ ಹಲಸಿನ ಹಲಗೆಯಿಂದ ಒಂದು ವಾಸನೆ ಏಳುತ್ತದೆ. ಹಳೆಯ ಮರದ್ದು, ಸೀಮೆಎಣ್ಣೆಯದು, ಎಲ್ಲೋ ಒಳಗೆ ಇಂಗಿ ಕೂತ ಒಗ್ಗರಣೆಯದು. ಈಗ ಅದರ ಮೇಲೆ ಕಾಫಿಪುಡಿ, ಸಕ್ಕರೆ ಡಬ್ಬಗಳಿವೆ. ಒಂದು ಕಾಲಕ್ಕೆ ಈ ಹಲಗೆ ಗಾಲಿಗಳ ಮೇಲೆ ಊರೂರು ಸುತ್ತಿತ್ತು ಎಂದರೆ ಮನೆಗೆ ಬಂದವರು ನಗುತ್ತಾರೆ. ನೀವು ನಗಲಾರಿರಿ ಎಂದುಕೊಂಡಿದ್ದೇನೆ. ನಿಮ್ಮ ಮನೆಯ ಮೂಲೆಯಲ್ಲೂ ಇಂಥದೊಂದು ತುಂಡು ಉಳಿದಿರುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಡಿಗೇಹಳ್ಳಿಯಲ್ಲಿ ನಮ್ಮದು ದ್ರಾಕ್ಷಿ ಚಪ್ಪರದ ಪಕ್ಕದ ಹಂಚಿನ ಮನೆ. ಅಪ್ಪ ಯಶವಂತಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ನಾನು ಕಾನ್ವೆಂಟಿನಿಂದ ಬಂದು, ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿಗೆ ಅಂದಿನ ಪಾಠ ಒಪ್ಪಿಸುವುದು ರೂಢಿ. ಒಂದು ಸಂಜೆ ಸಮುದ್ರದ ಚಿತ್ರ ತೋರಿಸಿದೆ. ಅಜ್ಜಿ ಪುಸ್ತಕವನ್ನು ಬಲಗಣ್ಣಿನ ಹತ್ತಿರಕ್ಕೆ ತಂದಳು. ಎಡಗಣ್ಣನ್ನು ಪೊರೆ ಆಗಲೇ ಮುಚ್ಚಿತ್ತು, ಬಲಗಣ್ಣೂ ಮಸುಕಾಗುತ್ತಿತ್ತು; ಆಪರೇಷನ್ ಎಂದರೆ ಕಣ್ಣಿಗೆ ಕತ್ತಿ ಎಂದು ಹೆದರಿ ಅವಳು ಒಪ್ಪಿರಲಿಲ್ಲ.

"ಎಬ್ಬಾಳದ ಕೆರೆಗಿಂತ ದೊಡ್ಡದಾ ಮಗಾ?" ಎಂದಳು. ಆಚೆ ದಡವೇ ಕಾಣುವುದಿಲ್ಲ ಎಂದೆ. ಅವಳು ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. "ದಡ ಇಲ್ದಿರೋ ನೀರು. ಕಣ್ಣಿರೋವಾಗ್ಲೇ ಒಂದ್ಸಲ ನೋಡ್ಬೇಕು ಕಣವ್ವ."

ಬಚ್ಚಲ ಬಳಿ ಕೈಯ ಗ್ರೀಸು ತೊಳೆಯುತ್ತಿದ್ದ ಅಪ್ಪನಿಗೆ ಅದು ಕೇಳಿಸಿತು. ಆದರೆ ಅಜ್ಜಿಯನ್ನು ಕರೆದೊಯ್ಯುವುದು ಹೇಗೆ? ಕಂಡವರ ಒಲೆಯಲ್ಲಿ ಬೆಂದದ್ದನ್ನು ಅವಳು ಬಾಯಿಗಿಟ್ಟವಳಲ್ಲ, ಪರಸ್ಥಳದಲ್ಲಿ ಮಲಗಿದವಳೂ ಅಲ್ಲ. ಆಗ ಚಿಕ್ಕಪ್ಪ ಒಂದು ಸುದ್ದಿ ತಂದರು. ದಂಡು ಎನ್ನುತ್ತಿದ್ದ ಕಂಟೋನ್ಮೆಂಟ್ ಕಡೆ ಇಂಗ್ಲಿಷ್ ದಂಪತಿಯೊಬ್ಬರು ತಮ್ಮ ದೇಶಕ್ಕೆ ಹೊರಟಿದ್ದರು. ಅವರ ಮನೆಯಂಥ ವ್ಯಾನೊಂದು ಮಾರಾಟಕ್ಕಿತ್ತು. ಎಲ್ಲರೂ ನೋಡಲು ಹೋದೆವು. ಹೂವಿನ ಪರದೆ, ಮಡಚುವ ಮಂಚ, ಪಿಂಗಾಣಿಯ ಪುಟ್ಟ ತೊಟ್ಟಿ ಎಲ್ಲ ಇದ್ದವು. ನನಗಂತೂ ಆ ಪರದೆ ಬಿಟ್ಟು ಬರಲು ಮನಸ್ಸೇ ಇಲ್ಲ. ಅಜ್ಜಿ ಒಂದೊಂದೇ ಬಾಗಿಲು ತೆಗೆದು, ಕೊನೆಯದರಲ್ಲಿ ಇಣುಕಿ, ಸೆರಗನ್ನು ಮೂಗಿಗೆ ಹಿಡಿದು ಕೆಳಗಿಳಿದಳು. "ಒಲೆ ಮಗ್ಗುಲಾಗೇ ಕಕ್ಕಸ್ಸು. ಬಿಳಿಯೋರ್ಗೆ ಮೂಗಿಲ್ವೇನ್ಲಾ?"

ಅಪ್ಪ ತಾವೇ ಕಟ್ಟುವುದೆಂದು ತೀರ್ಮಾನಿಸಿದರು. ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಬೋಳು ವ್ಯಾನು ನಮ್ಮ ಅಂಗಳಕ್ಕೆ ಬಂದು ನಿಂತಿತು. ಬಾವಿ ಪಕ್ಕದಲ್ಲಿ ಬಿದ್ದ ಹಲಸಿನ ಮರ ಹಲಗೆಗಳಾಯಿತು. ದಿನವೂ ಕೆಲಸ ಮುಗಿಸಿ ಬಂದು ಅಪ್ಪ ಉಜ್ಜುಗೊರಡು ಹಿಡಿಯುತ್ತಿದ್ದರು. ಅರಿಸಿನ ಬಣ್ಣದ ಸುರುಳಿ ಹೊಟ್ಟು ನನ್ನ ಯೂನಿಫಾರ್ಮಿಗೆಲ್ಲ ಅಂಟುತ್ತಿತ್ತು. ಚಿಕ್ಕಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. "ಅಣ್ಣ, ನೀನು ಕಟ್ಟಿ ಮುಗ್ಸೋ ಹೊತ್ಗೆ ಅವ್ವನ್ ಕಣ್ಣು ಪೂರ್ತಿ ಹೋಗ್ಬಿಟ್ಟಿದ್ರೆ?" ಮರುದಿನದಿಂದ ಬೆಳಗ್ಗೆಯೂ ಉಜ್ಜುಗೊರಡಿನ ಸದ್ದು ಕೇಳತೊಡಗಿತು.

ಅಜ್ಜಿಯದು ಒಂದೇ ಷರತ್ತು: ಬೇಯಿಸುವವರ ಮುಖ ಮೂಡಲಿಗಿರಬೇಕು. ಅಂಗಳದಲ್ಲಿ ವ್ಯಾನಿನ ಮೂತಿ ಉತ್ತರಕ್ಕಿತ್ತು. ಅಪ್ಪ ಶ್ರದ್ಧೆಯಿಂದ ಬಲಗಡೆಯ ಗೋಡೆಗೆ, ಮೂಡಲಿಗೆ ಸರಿಯಾಗಿ, ಕಿಟಕಿಯ ಕೆಳಗೆ ಹಲಗೆ ಬಡಿದು ಪಂಪ್ ಸ್ಟೌ ಕೂರಿಸಿದರು. ಅಜ್ಜಿ ಕುಂಕುಮ ಹಚ್ಚಿ ಹಾಲುಕ್ಕಿಸಿದಳು. ಗಾಡಿ ಎಂದರೆ ತಿರುಗುವುದು ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಹೊರಟ ದಿನ ದಾರಿಬದಿ ಆಲದ ಕೆಳಗೆ ಮಧ್ಯಾಹ್ನದ ಅಡಿಗೆಗೆಂದು ನಿಲ್ಲಿಸಿದಾಗ ಅಜ್ಜಿ ಹೊರಗಿನ ನೆರಳು ನೋಡಿ, ತೊಳೆದ ಅಕ್ಕಿಯನ್ನು ಹಾಗೇ ಇಟ್ಟು ಕೈಕಟ್ಟಿ ಕೂತಳು. ಅಲ್ಲಿಂದ ಮುಂದೆ ಹಾಸನ ದಾಟಿ ಘಟ್ಟ ಇಳಿಯುವವರೆಗೂ, ಒಲೆ ಹಚ್ಚುವ ಮುಂಚೆ ಅಪ್ಪ ಹಿಂದೆ ಮುಂದೆ ಮಾಡಿ ವ್ಯಾನಿನ ಮೂತಿಯನ್ನು ಉತ್ತರಕ್ಕೆ ತರಬೇಕಿತ್ತು. ಕಾನ್ವೆಂಟ್ ಪಂಡಿತೆ ಹೇಳಲಿ ಎಂದು ಚಿಕ್ಕಪ್ಪ ನನ್ನನ್ನು ದಿಕ್ಕು ನೋಡಲು ಇಳಿಸುತ್ತಿದ್ದರು. ದಾರಿಹೋಕರು ನಿಂತು ನೋಡುತ್ತಿದ್ದರು. ಅಮ್ಮ ನಾಚಿಕೊಂಡು ಒಳಗೇ ಈರುಳ್ಳಿ ಹೆಚ್ಚುತ್ತಿದ್ದಳು.

ಮಂಗಳೂರು ದಾಟಿ ಮರಳಿನ ಅಂಚಿಗೆ ತಲುಪಿದಾಗ ಇಳಿಹೊತ್ತು. ಅಪ್ಪ ಅಭ್ಯಾಸದಂತೆ ಮೂತಿಯನ್ನು ಉತ್ತರಕ್ಕೇ ನಿಲ್ಲಿಸಿದರು. ಅಜ್ಜಿಯನ್ನು ಕೈಹಿಡಿದು ಇಳಿಸಿದೆವು. ಅವಳು ಬಲಗಣ್ಣನ್ನು ಕಿರಿದಾಗಿಸಿ ನೋಡಿದಳು, ತಲೆಯನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ತಿರುಗಿಸಿದಳು. ಕಾಣಿಸುತ್ತಿದೆಯೇ ಎಂದು ಕೇಳಲು ನಮಗೆ ಯಾರಿಗೂ ಧೈರ್ಯವಿಲ್ಲ. "ಊಂ, ದಡ ಇಲ್ಲ," ಎಂದಳು ಕೊನೆಗೆ. ಚಿಕ್ಕಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮುದ್ದೆಗೆ ಎಸರಿಡಲು ಒಳಗೆ ಹೋದ ಅಜ್ಜಿ ಹಲಗೆಯ ಮುಂದೆ ನಿಂತಳು. ಕಿಟಕಿಯಲ್ಲಿ ತೆಂಗಿನ ಬುಡಗಳಷ್ಟೇ ಇದ್ದವು, ಕಡಲು ಬೆನ್ನ ಹಿಂದೆ. ಕಡ್ಡಿ ಗೀರದೆ ಅಪ್ಪನನ್ನು ಕೂಗಿದಳು. "ಗಾಡಿ ಆ ಕಡೀಕ್ ತಿರ್ಗ್ಸ್ಲಾ."

"ಅದು ಪಡುವಲು ಕಣವ್ವ."

"ಸೂರ್ಯಪ್ಪನ ಮುಖ ತಾನೇ ನೋಡ್ಬೇಕು? ಈಗ ಅಲ್ಲೇ ಅವ್ನೆ."

ಅಪ್ಪ ಸ್ಟಿಯರಿಂಗ್ ತಿರುಗಿಸಿದರು. ಅಂದು ಅಜ್ಜಿ ಕಡಲು ನೋಡುತ್ತಲೇ ಮುದ್ದೆ ತೊಳಸಿದಳು. ಹಿಟ್ಟು ಗಂಟುಗಟ್ಟಿತ್ತು, ಎಲ್ಲರೂ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆವು.

ಮುಂದಿನ ಯುಗಾದಿಯ ಹೊತ್ತಿಗೆ ಅಜ್ಜಿಯ ಬಲಗಣ್ಣನ್ನೂ ಪೊರೆ ಮುಚ್ಚಿತು. ಆದರೂ ಸಂಜೆ ಚಪ್ಪರದ ಪಕ್ಕ ನಿಂತ ವ್ಯಾನಿನಲ್ಲಿ ಕೂತು, ಹಲಗೆ ಸವರುತ್ತ, ಅಕ್ಕಪಕ್ಕದ ಮಕ್ಕಳಿಗೆ ನೀರಿನ ಕಥೆ ಹೇಳುತ್ತಿದ್ದಳು. ಅವಳು ಹೋದಳು, ಅಪ್ಪ ಹೋದರು, ವ್ಯಾನೂ ಹೋಗಿ ಈ ಹಲಗೆಯೊಂದು ಉಳಿಯಿತು. ಚಪ್ಪರವಿದ್ದ ಕಡೆ ಈಗ ಗಾಜಿನ ಕಟ್ಟಡ. ನನ್ನ ಈ ಫ್ಲ್ಯಾಟಿನ ಒಲೆ ಪಡುವಲಿಗಿದೆ ಎಂದು ನೆಂಟರು ಮುಖ ಸಿಂಡರಿಸುತ್ತಾರೆ. ಸಂಜೆ ಹಲಗೆ ಒರೆಸಿ ಎಸರಿಡುವ ಹೊತ್ತಿಗೆ ಕಿಟಕಿಯ ತುಂಬ ಕೆಂಪು ಬೆಳಕು. ಸೂರ್ಯಪ್ಪ ಅಲ್ಲೇ ಇರುತ್ತಾನೆ.