ನಾಲ್ಕನೆಯ ಗಾಲಿ

ಹತ್ತಿಮತ್ತೂರಿನ ಚನ್ನೇಶನನ್ನು ಈಚೆಗೆ ಯಾರಾದರೂ "ಆರಾಮ ಅದೀಯೇನಪಾ?" ಎಂದು ಕೇಳಿದರೆ, ಮೊದಲು ಒಂದು ನಿಟ್ಟುಸಿರು ಬಿಡುತ್ತಾನೆ. ಆಮೇಲೆ "ಹೂಂ" ಎನ್ನುತ್ತಾನೆ. ಸಾರಿಗೆ ಕಚೇರಿಗೆ ಅಲೆದು ಬಂದವರೆಲ್ಲ ಹೀಗೇ ಅನ್ನುತ್ತಾರೆ.

ಪೋಲಿಯೊದಿಂದ ಒಂದು ಕಾಲು ಸೊರಗಿದ ಅವನಿಗೆ ಕಾಲೆಂದರೆ ಅವನ ಬೈಕೇ. ಹಳೆಯ ಬೈಕು, ಎಡಕ್ಕೆ ಒಂದು ಹೆಚ್ಚಿನ ಗಾಲಿ. ಅಂಗವಿಕಲರ ವಾಹನ, ಮೂರು ಗಾಲಿ ಎಂದು ನೋಂದಣಿಯೂ ಆಗಿತ್ತು. ಅದರ ಮೇಲೆ ಹೆಂಡತಿ ಕರೆವ್ವನನ್ನು ಕೂರಿಸಿಕೊಂಡು ಹೋಗಿ ಯಲವಿಗಿ ಸ್ಟೇಷನ್ ಹೊರಗೆ ಮಿರ್ಚಿ-ಮಂಡಕ್ಕಿ ಅಂಗಡಿ ನಡೆಸುತ್ತಿದ್ದ. ಮಂಡಕ್ಕಿ ಕಲಸುವವನು ಅವನು, ಕಾದೆಣ್ಣೆಯ ಮುಂದೆ ನಿಲ್ಲುವವಳು ಅವಳು.

ಇಂಥ ಗಾಡಿಗೆ ಒಂದು ಕೆಟ್ಟ ಗುಣವಿದೆ. ಜೋರಾಗಿ ಎಡಕ್ಕೆ ತಿರುಗಿಸಿದರೆ ಎಡಗಾಲಿ ಮೇಲೆದ್ದು ಗಾಡಿ ಬಲಕ್ಕೆ ಮಗುಚುತ್ತದೆ. ಒಮ್ಮೆ ಹಾಗೇ ಮಗುಚಿ ಕರೆವ್ವನ ಮುಂಗೈ ಮುರಿಯಿತು. ಕೈ ಕೂಡಿತು, ಧೈರ್ಯ ಕೂಡಲಿಲ್ಲ.

"ನಾ ಬಸ್ಸಿಗೆ ಬರ್ತೇನಿ, ನೀವು ಹೋಗ್ರಿ" ಎಂದಳು.

ನಮ್ಮ ಕಡೆಯ ಬಸ್ಸು ಬಂದಾಗಲೇ ಬಂತು. ಅಲ್ಲಿಯವರೆಗೆ ಅವನು ತಣ್ಣಗಿನ ಬಾಣಲೆ ಮುಂದೆ ಕೂತಿರಬೇಕು. ವ್ಯಾಪಾರ ಹಾಳಾಗಲಿ, ಬೆನ್ನ ಹಿಂದೆ ಅವಳ ಮಾತಿಲ್ಲದ ದಾರಿ ಅವನಿಗೆ ಸಾಕಾಗಿ ಹೋಯಿತು.

ಸವಣೂರಿನ ವೆಲ್ಡಿಂಗ್ ಅಂಗಡಿಯ ನಿಯಾಜನಿಗೆ ಹೇಳಿ ಬಲಕ್ಕೂ ಒಂದು ಗಾಲಿ ಕೂಡಿಸಿದ. ಹೊಸ ಗಾಡಿಗೆ ಮಾಡುವಂತೆ ಕರೆವ್ವ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಅವು ಅಪ್ಪಚ್ಚಿಯಾದ ಮೇಲೆ ದೇವರನ್ನು ನೆನೆದು ಹತ್ತಿದಳು. ಯಲವಿಗಿ ಬರುವವರೆಗೂ ಅವನ ಅಂಗಿ ಬಿಡಲಿಲ್ಲ. ಬಿಡದಿದ್ದರೇನು, ಕೂತಳಲ್ಲ!

ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯಿತು. ನವೀಕರಿಸಲು ಗಾಡಿ ಒಯ್ದಾಗ ಸಾರಿಗೆ ಕಚೇರಿಯ ಸಾಹೇಬರು ಅದರ ಸುತ್ತ ಒಂದು ಸುತ್ತು ಹಾಕಿದರು.

"ಕಾಗದದಾಗ ಮೂರು ಗಾಲಿ ಐತಿ, ಇಲ್ಲಿ ನಾಕು ಅದಾವು. ಇದು ಯಾವ ವರ್ಗಕ್ಕ ಬರ್ತೈತಿ, ನೀವ ಹೇಳ್ರಿ."

"ಕುಂಟರ ವರ್ಗಕ್ಕ ಬರ್ತೈತ್ರಿ" ಎಂದ ಚನ್ನೇಶ.

ಸಾಹೇಬರು ನಗಲಿಲ್ಲ. ಕೆಟ್ಟವರೇನಲ್ಲ. ಗಾಲಿ ಹೆಚ್ಚಿಸುವ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು, ಈಗ ಮೇಲಿನವರನ್ನು ಕೇಳಿರಿ ಎಂದರು. ಮೇಲಿನವರು ಕೆಳಗಿನವರನ್ನು ಕೇಳು ಎಂದರು. ನಾಲ್ಕರ ಮೇಲೆ ಗಟ್ಟಿಯಾಗಿ ನಿಂತರೆ ತಪ್ಪು, ಮೂರರ ಮೇಲೆ ಮಗುಚಿ ಬಿದ್ದರೆ ಸರಿ! ಬರೆಯುವ ನನಗೇ ಸಿಟ್ಟು ಬರುತ್ತಿದೆ. ಚನ್ನೇಶನಿಗೆ ಸಿಟ್ಟು ಮಾಡಲೂ ತ್ರಾಣ ಉಳಿದಿರಲಿಲ್ಲ.

"ಚನ್ನೇಶಣ್ಣ, ತಪಾಸಣಿಗೆ ಬಿಚ್ಚೂಣು, ಪಾಸಾದ ಮ್ಯಾಲ ಮತ್ತ ಕೂಡಸೂಣು" ಎಂದ ನಿಯಾಜ.

ಬಿಚ್ಚಿಸಿಕೊಂಡು ಹೋದ. ಪಾಸಾಯಿತು. ಆದರೆ ಸಾಹೇಬರಿಗೆ ಎಲ್ಲ ಗೊತ್ತಿತ್ತು. "ಮತ್ತ ಕೂಡಿಸಿ ಸಿಕ್ಕರ ಗಾಡೀನ ಜಪ್ತಿ ಮಾಡಬೇಕಾಕೈತಿ" ಎಂದರು. ಗಾಡಿ ಹೋದರೆ ಕಾಲೇ ಹೋದಂತೆ. ಗಾಲಿ ನಿಯಾಜನ ಅಂಗಡಿಯ ಮೂಲೆಯಲ್ಲೇ ಉಳಿಯಿತು.

ಮರುದಿನ ಚನ್ನೇಶ ಒಬ್ಬನೇ ಗಾಡಿ ಹೊರಗೆ ತಂದಾಗ ಕರೆವ್ವ ಹಿಂದೆ ಬಂದು ನಿಂತಳು.

"ಬ್ಯಾಡ. ನೀ ಬಸ್ಸಿಗೆ ಬಾ" ಎಂದ.

"ಒಬ್ಬರ ಹೊಂಟ್ರ, ತಿರುವಿನ್ಯಾಗ ಎಡಕ್ಕ ತೂಕ ಹಾಕೋರು ಯಾರ್ರಿ?"

ಹತ್ತಿ ಕೂತಳು. ಅಂದಿನಿಂದ ಎಡ ತಿರುವು ಬಂದಾಗಲೆಲ್ಲ ಅವನು "ಕರೆವ್ವಾ" ಎನ್ನುತ್ತಾನೆ, ಅವಳು ಕಣ್ಣು ಮುಚ್ಚಿ ಎಡಕ್ಕೆ ವಾಲುತ್ತಾಳೆ. ಸಂಜೆಗೆ ಸೊಂಟ ಹಿಡಿದಿರುತ್ತದೆ. ಹೆದರಿಕೆ ಹೋಗಿಲ್ಲ, ದಿನಾ ಅದನ್ನೂ ಜೊತೆಗೆ ಹತ್ತಿಸಿಕೊಂಡೇ ಹೋಗುತ್ತಾಳೆ.

ಈ ಸಲದ ಆಯುಧ ಪೂಜೆಗೆ ಚನ್ನೇಶ ನಾಲ್ಕು ನಿಂಬೆಹಣ್ಣು ತಂದ. ಮೂರನ್ನು ಗಾಲಿಗಳ ಕೆಳಗೆ ಇಟ್ಟ. ನಾಲ್ಕನೆಯದನ್ನು ಕಷ್ಟಪಟ್ಟು ಬಗ್ಗಿ ಅವಳ ಕಾಲ ಬಳಿ ಇಟ್ಟ.

"ಏನ್ರಿ ಇದು, ಮಂದಿ ನಗತಾರ" ಎಂದಳು ಕರೆವ್ವ.

ಸೀರೆ ಸ್ವಲ್ಪ ಎತ್ತಿಕೊಂಡು ತುಳಿದಳು.